ನೋಂದಣಿಯಿಲ್ಲದೆ, ರಾಜಿ ತೆರಿಗೆಯಲ್ಲಿ, ಪೂರ್ಣ ಜಿಎಸ್‌ಟಿಯಲ್ಲಿ: ಕರ್ನಾಟಕದ ಸಣ್ಣ ವ್ಯಾಪಾರಿಗೆ ಯಾವ ದಾರಿ ಹೊಂದುತ್ತದೆ?

2025ರ ಜುಲೈ ತಿಂಗಳಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯ ಗಲ್ಲಾದ ಮೇಲೆ ಎರಡು ವರ್ಷದಿಂದ ನಿಂತಿದ್ದ ಕ್ಯೂಆರ್ ಫಲಕದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಅಂಟಿಸಿ, ‘ಫೋನ್ ಪೇ ಇಲ್ಲ, ನಗದು ಮಾತ್ರ’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆಯಲಾಗಿತ್ತು. ಆ ದಿನಗಳಲ್ಲಿ ರಾಜ್ಯದ ಅನೇಕ ಊರುಗಳ ಅಂಗಡಿಗಳಲ್ಲಿ ಇಂಥದೇ ಚೀಟಿಗಳು ಕಾಣಿಸಿಕೊಂಡವು. 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ವಿವರವನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆಯು ನೋಂದಣಿಯಾಗದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು. ತರಕಾರಿ ಮಾರುವವರಿಗೂ ಲಕ್ಷಾಂತರ ರೂಪಾಯಿಯ ನೋಟಿಸ್ ಬಂದಿತ್ತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಪ್ರತಿನಿಧಿಗಳ ಸಭೆ ಕರೆದು, ವಿನಾಯಿತಿಯುಳ್ಳ ಸರಕು ಮಾರುವವರಿಂದ ತೆರಿಗೆ ವಸೂಲು ಮಾಡುವುದಿಲ್ಲವೆಂದೂ ಹಳೆಯ ಬಾಕಿಗೆ ಒತ್ತಾಯವಿಲ್ಲವೆಂದೂ ಭರವಸೆ ಕೊಟ್ಟರು. ಆದರೆ ಮುಂದಕ್ಕೆ ವಾರ್ಷಿಕ ವಹಿವಾಟಿನ ಮಿತಿ ಮೀರಿದವರು ನೋಂದಾಯಿಸಿಕೊಳ್ಳಲೇಬೇಕು ಎಂಬ ಮಾತೂ ಅದರ ಜೊತೆಗೇ ಇತ್ತು.

ಅಂದಿನಿಂದ ಪರಿಚಯದ ಅಂಗಡಿಯವರು ನನ್ನನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ನೋಂದಣಿ ಬೇಕೇ, ಬೇಕಾದರೆ ಯಾವುದು? ಹೆಚ್ಚಿನವರು ತೆರಿಗೆಯ ದರವನ್ನು ಮಾತ್ರ ನೋಡಿ, ಶೇ 1 ಎಂದ ಕೂಡಲೇ, ಮಾರಾಟದ ಮೇಲೆ ಸಣ್ಣ ದರದಲ್ಲಿ ತೆರಿಗೆ ಕಟ್ಟುವ ಸರಳ ಪದ್ಧತಿಯಾದ ರಾಜಿ ತೆರಿಗೆಗೆ ಸಹಿ ಹಾಕುತ್ತಾರೆ. ಇದು ಅವಸರದ ನಿರ್ಧಾರ ಎಂಬುದು ನನ್ನ ಖಚಿತ ಅಭಿಪ್ರಾಯ. ಗಿರಾಕಿ ಯಾರು, ಮಾರಾಟದಲ್ಲಿ ಲಾಭಾಂಶ ಎಷ್ಟು, ಅಂಗಡಿ ಸ್ವಂತದ್ದೋ ಬಾಡಿಗೆಯದೋ ಎಂಬ ಮೂರನ್ನು ನೋಡದೆ ದರವನ್ನಷ್ಟೇ ನೋಡುವುದು ತೂಕ ನೋಡದೆ ಬೆಲೆ ಕೇಳಿದ ಹಾಗೆ.

ಸರ್ಕಾರ ಸಣ್ಣ ಅಂಗಡಿಯ ಕಡೆ ಏಕೆ ತಿರುಗಿತು

ಆಯ್ಕೆಗಳಿಗೆ ಹೋಗುವ ಮೊದಲು ರಾಜ್ಯದ ಬಜೆಟ್ಟಿನ ಸ್ಥಿತಿಯನ್ನು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಈ ಒತ್ತಡ ಒಂದು ವರ್ಷಕ್ಕೆ ಮುಗಿಯುವಂಥದ್ದಲ್ಲ. 2025-26ರ ಕರ್ನಾಟಕ ಬಜೆಟ್ಟಿನ ಗಾತ್ರ ₹4,09,549 ಕೋಟಿ. ಅದರಲ್ಲಿ ವಾಣಿಜ್ಯ ತೆರಿಗೆ ಇಲಾಖೆಗೆ ಕೊಟ್ಟ ಗುರಿ ₹1,20,000 ಕೋಟಿ. ಐದು ಗ್ಯಾರಂಟಿ ಯೋಜನೆಗಳಿಗೆ ₹51,034 ಕೋಟಿ ತೆಗೆದಿರಿಸಿದ ಮೇಲೂ ರಾಜಸ್ವ ಕೊರತೆ ₹19,262 ಕೋಟಿಯಷ್ಟಿತ್ತು. ಜಿಎಸ್‌ಟಿ ದರವನ್ನು ಏರಿಸುವ ಅಥವಾ ಇಳಿಸುವ ಅಧಿಕಾರ ರಾಜ್ಯಕ್ಕೆ ಒಂಟಿಯಾಗಿ ಇಲ್ಲ; ಅದು ಕೇಂದ್ರವೂ ರಾಜ್ಯಗಳೂ ಸೇರಿರುವ ಜಿಎಸ್‌ಟಿ ಮಂಡಳಿಯ ಕೆಲಸ. ಜಿಎಸ್‌ಟಿ ಬಂದಾಗ ರಾಜ್ಯಗಳಿಗೆ ಐದು ವರ್ಷ ಕೊಡುವುದಾಗಿ ಒಪ್ಪಿದ್ದ ನಷ್ಟ ಪರಿಹಾರದ ಅವಧಿಯೂ 2022ರ ಜೂನ್ 30ಕ್ಕೆ ಮುಗಿಯಿತು. ಹೀಗಿರುವಾಗ ರಾಜ್ಯಕ್ಕೆ ಉಳಿಯುವ ದಾರಿ ಎರಡೇ: ತನ್ನ ಕೈಯಲ್ಲಿರುವ ತೆರಿಗೆಗಳನ್ನು ಏರಿಸುವುದು, ಇಲ್ಲವೇ ಜಿಎಸ್‌ಟಿ ಕಟ್ಟುವವರ ಸಂಖ್ಯೆಯನ್ನು ಹೆಚ್ಚಿಸುವುದು.

ರಾಜ್ಯ ಎರಡನ್ನೂ ಮಾಡಿದೆ. 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿತು. ಅದೇ ಆದೇಶದಲ್ಲಿ ಶೇ 18.4ಕ್ಕೆ ಏರಿದ ಡೀಸೆಲ್ ತೆರಿಗೆ 2025ರ ಏಪ್ರಿಲ್ 1ರಿಂದ ಶೇ 21.17 ಆಯಿತು. 2025ರ ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮನೆ ಕೊಳ್ಳುವವರಿಗೆ ಅದು ಒಮ್ಮೆ ಬೀಳುವ ಹೊರೆ. ಡೀಸೆಲ್ ಮಾತ್ರ ಪ್ರತಿ ಮೂಟೆಯ ಸಾಗಣೆಯಲ್ಲೂ ಸೇರಿಕೊಂಡು ಬರುತ್ತದೆ. ಪೆಟ್ರೋಲ್ ಮತ್ತು ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಆ ತೆರಿಗೆಯನ್ನು ಮುಂದೆ ಹೇಳುವ ಮೂರು ದಾರಿಗಳಲ್ಲಿ ಯಾವುದರಲ್ಲೂ ಹಿಂಪಡೆಯಲಾಗದು. ಗೃಹಲಕ್ಷ್ಮಿಯ ₹2,000 ಬಂದ ವಾರ ಅಂಗಡಿಯ ಉದ್ರಿ ಪುಸ್ತಕದಲ್ಲಿ ಹಳೆಯ ಬಾಕಿಗಳು ಚುಕ್ತಾ ಆಗುವುದನ್ನೂ ನಾನು ಕಂಡಿದ್ದೇನೆ. ಬಜೆಟ್ಟು ಅಂಗಡಿಯಿಂದ ತೆಗೆದುಕೊಳ್ಳುವುದನ್ನು ಲೆಕ್ಕ ಹಾಕುವಾಗ ಅಂಗಡಿಗೆ ತಂದುಕೊಡುವುದನ್ನೂ ಎಣಿಸಬೇಕು.

ಮೊದಲ ದಾರಿ: ನೋಂದಣಿಯಿಲ್ಲದೆ ಇರುವುದು

ಇದು ಕಾನೂನು ಒಪ್ಪುವ ದಾರಿಯೇ. ಕದ್ದು ಮಾಡುವ ವ್ಯಾಪಾರವಲ್ಲ. ಸರಕನ್ನು ಮಾತ್ರ ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷದ ವಹಿವಾಟಿನವರೆಗೆ ನೋಂದಣಿ ಕಡ್ಡಾಯವಲ್ಲ. ದಿನದ ಲೆಕ್ಕಕ್ಕೆ ತಂದರೆ ಅಂಗಡಿಗೆ ಸುಮಾರು ₹11,000, ಸೇವೆಗೆ ಸುಮಾರು ₹5,500. ಹೋಟೆಲು, ಟೀ ಅಂಗಡಿ, ದರ್ಶಿನಿಗಳು ಮಾಡುವುದು ಕಾನೂನಿನ ಕಣ್ಣಿನಲ್ಲಿ ಸೇವೆ. ಹಾಗಾಗಿ ಅವರಿಗೆ ಮಿತಿ ₹20 ಲಕ್ಷವೇ ಹೊರತು ₹40 ಲಕ್ಷವಲ್ಲ. ಬೆಳಿಗ್ಗೆ ಇಡ್ಲಿ, ಸಂಜೆ ಬಜ್ಜಿ ಮಾಡಿ ದಿನಕ್ಕೆ ಆರು ಸಾವಿರ ಎಣಿಸುವವರು ತಾವಿನ್ನೂ ಮಿತಿಯ ಅರ್ಧಕ್ಕೇ ಬಂದಿದ್ದೇವೆ ಎಂದುಕೊಂಡಿರುತ್ತಾರೆ. ವಾಸ್ತವದಲ್ಲಿ ಅವರು ಆಗಲೇ ದಾಟಿರುತ್ತಾರೆ.

ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ಸಾಮಾನ್ಯ. ಬಿಡಿ ಅಕ್ಕಿ, ರಾಗಿ, ತರಕಾರಿ, ಹಾಲು ಮುಂತಾದವುಗಳಿಗೆ ತೆರಿಗೆ ಇಲ್ಲ. ಆದ್ದರಿಂದ ಅವುಗಳ ಮಾರಾಟವನ್ನು ಮಿತಿಯ ಲೆಕ್ಕದಿಂದ ಬಿಡಬಹುದು ಎಂಬ ನಂಬಿಕೆ ಬಹಳ ಜನರಲ್ಲಿದೆ. ನಿಯಮ ಹಾಗಿಲ್ಲ. ತೆರಿಗೆಯಿಲ್ಲದ ಸರಕನ್ನು ಮಾತ್ರ ಮಾರುವವರಿಗೆ, ಅಂದರೆ ಬರೀ ತರಕಾರಿ ಅಥವಾ ಬರೀ ಹಾಲು ಮಾರುವವರಿಗೆ, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಿಲ್ಲ. ಆದರೆ ಅದರ ಜೊತೆ ಒಂದು ಡಬ್ಬ ಬಿಸ್ಕತ್ತು, ಒಂದು ಪೆಟ್ಟಿಗೆ ಸೋಪು ಇಟ್ಟರೆ ಮಿತಿಯನ್ನು ಅಳೆಯುವುದು ಎರಡೂ ಸೇರಿದ ಒಟ್ಟು ವಹಿವಾಟಿನ ಮೇಲೆ. ಅದೂ ಅಂಗಡಿಗೆ ಒಂದರಂತೆ ಅಲ್ಲ, ಪ್ಯಾನ್ ಸಂಖ್ಯೆಗೆ ಒಂದರಂತೆ: ಒಬ್ಬರ ಹೆಸರಿನಲ್ಲಿ ಅಂಗಡಿಯೂ ಹಿಟ್ಟಿನ ಗಿರಣಿಯೂ ಇದ್ದರೆ ಎರಡನ್ನೂ ಕೂಡಿಸಬೇಕು, ಗಿರಣಿಯಲ್ಲಿ ಬೀಸಿಕೊಡುವುದು ಸೇವೆಯಾದ್ದರಿಂದ ₹40 ಲಕ್ಷದ ಮಿತಿಯೂ ಕೈತಪ್ಪುತ್ತದೆ.

ಹೊರರಾಜ್ಯಕ್ಕೆ ಸರಕು ಮಾರುವವರಿಗೆ ಸಾಮಾನ್ಯವಾಗಿ ಈ ಮಿತಿಯೇ ಇಲ್ಲ. ಬೆಳಗಾವಿಯ ಅಂಗಡಿಯೊಂದು ಕೊಲ್ಹಾಪುರದ ಗಿರಾಕಿಗೆ ಒಂದೇ ಪಾರ್ಸೆಲ್ ಮಾರಿದರೂ, ಕರಕುಶಲ ವಸ್ತುಗಳಿಗಿರುವಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ನೋಂದಣಿ ಕಡ್ಡಾಯ. ಗಡಿ ಜಿಲ್ಲೆಗಳಲ್ಲಿ ಇದನ್ನು ಮರೆಯಬಾರದು.

ಎರಡನೆಯದು: ರಾಜಿ ತೆರಿಗೆ

ಕಾಂಪೊಸಿಷನ್ ಎಂದು ಕರೆಯುವ ಈ ಪದ್ಧತಿಗೆ ವರ್ಷಕ್ಕೆ ₹1.5 ಕೋಟಿ ವಹಿವಾಟಿನವರೆಗೆ ಸೇರಬಹುದು. ವ್ಯಾಪಾರಿಗಳಿಗೂ ತಯಾರಕರಿಗೂ ಶೇ 1, ಮದ್ಯ ಬಡಿಸದ ಹೋಟೆಲುಗಳಿಗೆ ಶೇ 5. ಇತರ ಸೇವೆಗಳಿಗೆ ₹50 ಲಕ್ಷದ ಒಳಗೆ ಶೇ 6. ವ್ಯಾಪಾರಿಯು ಶೇ 1ನ್ನು ತೆರಿಗೆಯುಳ್ಳ ಸರಕಿನ ಮಾರಾಟದ ಮೇಲೆ ಮಾತ್ರ ಕಟ್ಟುತ್ತಾನೆ, ಬಿಡಿ ಅಕ್ಕಿಯ ಮೇಲೆ ಅಲ್ಲ. ಮೂರು ತಿಂಗಳಿಗೊಮ್ಮೆ ತೆರಿಗೆ, ವರ್ಷಕ್ಕೆ ಒಂದು ರಿಟರ್ನ್ (ಇಲಾಖೆಗೆ ಸಲ್ಲಿಸುವ ಲೆಕ್ಕಪತ್ರ). ಕಾಗದದ ಕೆಲಸ ನಿಜಕ್ಕೂ ಕಡಿಮೆ.

ಇದಕ್ಕೆ ತೆರುವ ಬೆಲೆಯೂ ಇದೆ. ಗಿರಾಕಿಯಿಂದ ತೆರಿಗೆ ಎಂದು ಒಂದು ರೂಪಾಯಿಯನ್ನೂ ಬಿಲ್ಲಿನಲ್ಲಿ ಕೇಳುವಂತಿಲ್ಲ, ಕಟ್ಟುವ ಶೇ 1 ಅಂಗಡಿಯವರ ಲಾಭದಿಂದಲೇ ಹೋಗಬೇಕು. ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹಿಂಪಡೆಯಲಾಗದು. ಹೊರರಾಜ್ಯಕ್ಕೆ ಮಾರುವಂತಿಲ್ಲ. ತಾವು ರಾಜಿ ತೆರಿಗೆದಾರರೆಂದು ಅಂಗಡಿಯ ಫಲಕದಲ್ಲಿ ಕಾಣುವಂತೆ ಬರೆಸಬೇಕು. ಐಸ್‌ಕ್ರೀಮ್, ಪಾನ್ ಮಸಾಲೆ, ತಂಬಾಕು ಪದಾರ್ಥ ಮುಂತಾದವುಗಳ ತಯಾರಕರಿಗೆ ಈ ಬಾಗಿಲು ಮುಚ್ಚಿದೆ.

ಮೂರನೆಯದು: ಪೂರ್ಣ ನೋಂದಣಿ

ಇಲ್ಲಿ ಮಾರುವಾಗ ವಸೂಲು ಮಾಡಿದ ತೆರಿಗೆಯಿಂದ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಕಳೆದು, ಉಳಿದದ್ದನ್ನು ಮಾತ್ರ ಕಟ್ಟುವುದು. ₹5 ಕೋಟಿ ವಹಿವಾಟಿನ ಒಳಗಿನವರು ರಿಟರ್ನ್ಸನ್ನು ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದಾದರೂ ತೆರಿಗೆಯನ್ನು ತಿಂಗಳು ತಿಂಗಳು ಕಟ್ಟಬೇಕು, ಖರೀದಿಯ ಪ್ರತಿ ಬಿಲ್ಲನ್ನೂ ಇಟ್ಟುಕೊಳ್ಳಬೇಕು, ಸಗಟು ವ್ಯಾಪಾರಿ ತನ್ನ ರಿಟರ್ನ್‌ನಲ್ಲಿ ಆ ಬಿಲ್ಲನ್ನು ತೋರಿಸಿದ್ದಾನೆಯೇ ಎಂದು ನೋಡಬೇಕು. ಆತ ತೋರಿಸದಿದ್ದರೆ ನಿಮ್ಮ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಹೀಗೆ ಕಳೆದುಕೊಳ್ಳುವ ಹಕ್ಕು, ನಿಂತುಹೋಗುತ್ತದೆ. ರಿಟರ್ನ್ ತಡವಾದರೆ ದಿನಕ್ಕೆ ₹50, ವಹಿವಾಟೇ ಇಲ್ಲದಿದ್ದರೂ ದಿನಕ್ಕೆ ₹20 ವಿಳಂಬ ಶುಲ್ಕ.

ಒಂದು ದಿನಸಿ ಅಂಗಡಿಯ ಲೆಕ್ಕ

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಅಂಗಡಿಯ ಲೆಕ್ಕವನ್ನೇ ಬಿಚ್ಚಿಡುತ್ತೇನೆ. ಇವು ನಾನು ಕಲ್ಪಿಸಿಕೊಂಡ ಅಂಕಿಗಳು, ಆದರೆ ನಾನು ಕಂಡ ಅಂಗಡಿಗಳಿಗೆ ಹತ್ತಿರದವು. ವರ್ಷದ ಒಟ್ಟು ಮಾರಾಟ ₹62 ಲಕ್ಷ. ಅದರಲ್ಲಿ ಬಿಡಿ ಧಾನ್ಯ, ಹಾಲು, ತರಕಾರಿ ₹24 ಲಕ್ಷ. ತೆರಿಗೆಯುಳ್ಳ ಸರಕು ₹38 ಲಕ್ಷ. ಒಟ್ಟು ಮಾರಾಟ ₹40 ಲಕ್ಷ ದಾಟಿರುವುದರಿಂದ ಮೊದಲ ದಾರಿ ಇವರಿಗಿಲ್ಲ.

ರಾಜಿ ತೆರಿಗೆಯಲ್ಲಿ ₹38 ಲಕ್ಷಕ್ಕೆ ಶೇ 1, ಅಂದರೆ ₹38,000.

ಪೂರ್ಣ ನೋಂದಣಿಯಲ್ಲಿ ಲೆಕ್ಕ ದರದ ಮೇಲೂ ಲಾಭಾಂಶದ ಮೇಲೂ ನಿಲ್ಲುತ್ತದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಮಾರಿದ ನೂರು ರೂಪಾಯಿಯಲ್ಲಿ ಹತ್ತು ರೂಪಾಯಿ ಅಂಗಡಿಗೆ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಸರಕೆಲ್ಲವೂ ಶೇ 18ರದ್ದಾದರೆ ಕಟ್ಟಬೇಕಾದದ್ದು ಸುಮಾರು ₹58,000. ರಾಜಿ ತೆರಿಗೆಯೇ ಅಗ್ಗ. ಆದರೆ ಸರಕು ಶೇ 5ರದ್ದಾದರೆ ಮಾರಾಟದ ಮೇಲಿನ ತೆರಿಗೆ ₹1,80,952, ಖರೀದಿಯಲ್ಲಿ ಕೊಟ್ಟದ್ದು ₹1,62,857, ಕೈಯಿಂದ ಕಟ್ಟುವುದು ₹18,095 ಮಾತ್ರ. ಇಲ್ಲಿ ‘ಶೇ 1’ ಎಂಬ ಸಣ್ಣ ದರವೇ ಎರಡು ಪಟ್ಟು ದುಬಾರಿ.

2025ರ ಸೆಪ್ಟೆಂಬರ್ 22ರ ನಂತರ ಈ ವ್ಯತ್ಯಾಸ ಮುಖ್ಯವಾಗಿದೆ. ಅಂದು ಶೇ 12 ಮತ್ತು ಶೇ 28ರ ಹಂತಗಳು ಬಹುಪಾಲು ಹೋಗಿ, ಸ್ನಾನದ ಸೋಪು, ಟೂತ್‌ಪೇಸ್ಟ್, ತಲೆಗೆಣ್ಣೆ, ಬಿಸ್ಕತ್ತು, ತುಪ್ಪ ಮುಂತಾದವು ಶೇ 5ಕ್ಕೆ ಇಳಿದವು. ದಿನಸಿ ಅಂಗಡಿಯ ಕಪಾಟಿನ ದೊಡ್ಡ ಭಾಗ ಇದೇ. ಹಿಂದೆ ಯಾರೋ ಹಾಕಿಕೊಟ್ಟ ಲೆಕ್ಕದ ಮೇಲೆ ರಾಜಿ ತೆರಿಗೆಗೆ ಸೇರಿದವರು ಅದನ್ನು ಇಂದಿನ ದರಗಳಿಗೆ ಮತ್ತೊಮ್ಮೆ ಹಾಕಬೇಕು. ಅಂದಾಜಿಗೆ ಹೀಗೆ ನೆನಪಿಡಬಹುದು: ಶೇ 5ರ ಸರಕಿನಲ್ಲಿ ಮಾರುವ ಬೆಲೆಯ ಮೇಲೆ ಲಾಭಾಂಶ ಶೇ 21ಕ್ಕಿಂತ ಕಡಿಮೆಯಿದ್ದರೆ ಪೂರ್ಣ ನೋಂದಣಿಯ ತೆರಿಗೆ ಕಡಿಮೆ, ಶೇ 18ರ ಸರಕಿನಲ್ಲಿ ಆ ಗಡಿ ಸುಮಾರು ಶೇ 6.5.

ಇನ್ನು ಬಾಡಿಗೆ. ಕಟ್ಟಡದ ಮಾಲೀಕರು ಜಿಎಸ್‌ಟಿ ನೋಂದಣಿ ಇಲ್ಲದವರಾದರೆ, 2024ರ ಅಕ್ಟೋಬರ್ 10ರಿಂದ, ಪೂರ್ಣ ನೋಂದಣಿಯ ವ್ಯಾಪಾರಿಯು ಅಂಗಡಿ ಬಾಡಿಗೆಯ ಮೇಲೆ ಶೇ 18 ತೆರಿಗೆಯನ್ನು ತಾನೇ ಕಟ್ಟಬೇಕು. ರಾಜಿ ತೆರಿಗೆದಾರರನ್ನು ಇದರಿಂದ ಬಿಟ್ಟಿದ್ದಾರೆ. ನಮ್ಮ ಉದಾಹರಣೆಯ ಅಂಗಡಿಗೆ ತಿಂಗಳಿಗೆ ₹10,000 ಬಾಡಿಗೆ ಇದ್ದರೆ ವರ್ಷಕ್ಕೆ ₹21,600 ಹೆಚ್ಚುವರಿ. ಅದನ್ನು ಕ್ರೆಡಿಟ್ ಆಗಿ ಪಡೆಯಬಹುದು ನಿಜ, ಆದರೆ ಮಾರಾಟದಲ್ಲಿ ತೆರಿಗೆಯಿಲ್ಲದ ಸರಕಿನ ಪಾಲು ಎಷ್ಟಿದೆಯೋ ಅಷ್ಟು ಪಾಲಿನ ಕ್ರೆಡಿಟ್ ಸಿಗದು. ಎಲ್ಲ ಕೂಡಿ ಕಳೆದರೆ ಪೂರ್ಣ ನೋಂದಣಿಯ ವೆಚ್ಚ ₹18,095ರಿಂದ ಸುಮಾರು ₹26,500ಕ್ಕೆ ಏರುತ್ತದೆ. ಲೆಕ್ಕ ಬರೆದುಕೊಡುವವರಿಗೆ ರಾಜಿ ತೆರಿಗೆಗಿಂತ ತಿಂಗಳಿಗೆ ₹1,000 ಹೆಚ್ಚು ಕೊಡಬೇಕಾದರೆ ₹38,500. ಆಗ ಎರಡು ದಾರಿಗಳೂ ಸರಿಸಮ. ಅದೇ ಅಂಗಡಿ ಸ್ವಂತ ಕಟ್ಟಡದಲ್ಲಿದ್ದರೆ ಪೂರ್ಣ ನೋಂದಣಿ ಸುಮಾರು ₹30,000ಕ್ಕೆ ಮುಗಿಯುತ್ತದೆ. ಒಂದೇ ಬೀದಿಯ ಎರಡು ಅಂಗಡಿಗಳಿಗೆ, ಒಂದೇ ಸರಕಿಗೆ, ಬೇರೆ ಬೇರೆ ಉತ್ತರ ಬರಬಹುದು ಎನ್ನುವುದು ಇದಕ್ಕೇ. ಪಕ್ಕದ ಅಂಗಡಿಯವರು ಮಾಡಿದ್ದನ್ನೇ ಮಾಡಬೇಡಿ ಎಂದು ನಾನು ಬಾರಿಬಾರಿ ಹೇಳುವುದೂ ಇದಕ್ಕೇ.

ಹೋಟೆಲಿನವರ ಲೆಕ್ಕ ಬೇರೆ

ಸಾಮಾನ್ಯ ಹೋಟೆಲಿಗೆ ಪೂರ್ಣ ನೋಂದಣಿಯಲ್ಲೂ ದರ ಶೇ 5, ಇನ್‌ಪುಟ್ ಕ್ರೆಡಿಟ್ ಇಲ್ಲ. ರಾಜಿ ತೆರಿಗೆಯಲ್ಲೂ ಶೇ 5, ಕ್ರೆಡಿಟ್ ಇಲ್ಲ. ಹಾಗಾದರೆ ಅಂತರವೆಲ್ಲಿ? ವರ್ಷಕ್ಕೆ ₹60 ಲಕ್ಷ ವ್ಯಾಪಾರದ ದರ್ಶಿನಿಯು ರಾಜಿ ತೆರಿಗೆಯಲ್ಲಿ ₹3 ಲಕ್ಷ ಕಟ್ಟುತ್ತದೆ. ಪೂರ್ಣ ನೋಂದಣಿಯಲ್ಲಿ ದೋಸೆಯ ಬೆಲೆಯೊಳಗೇ ತೆರಿಗೆ ಸೇರಿದೆ ಎಂದು ಇಟ್ಟರೆ ₹2,85,714. ಬೆಲೆಯ ಮೇಲೆ ಪ್ರತ್ಯೇಕವಾಗಿ ವಸೂಲು ಮಾಡಿದರೆ ಕೈಯಿಂದ ಏನೂ ಹೋಗದು. ಮೇಲುನೋಟಕ್ಕೆ ಪೂರ್ಣ ನೋಂದಣಿಯೇ ಮೇಲು. ಆದರೆ ತಿಂಗಳಿಗೆ ₹20,000 ಬಾಡಿಗೆಯ ಜಾಗದಲ್ಲಿದ್ದು, ಮಾಲೀಕರಿಗೆ ನೋಂದಣಿ ಇಲ್ಲದಿದ್ದರೆ, ಆ ಬಾಡಿಗೆಯ ಶೇ 18ರಂತೆ ವರ್ಷಕ್ಕೆ ₹43,200 ಕಟ್ಟಬೇಕು. ಕ್ರೆಡಿಟ್ ಇಲ್ಲದ ಹೋಟೆಲಿಗೆ ಅದು ಪೂರ್ತಿ ಖರ್ಚು. ಬೆಲೆಯೊಳಗೇ ತೆರಿಗೆ ಸೇರಿಸುವ ಹೋಟೆಲಿಗೆ ಆಗ ರಾಜಿ ತೆರಿಗೆಯೇ ಸುಮಾರು ₹29,000 ಅಗ್ಗವಾಗುತ್ತದೆ. ಗಿರಾಕಿಗಳು ಹತ್ತು ರೂಪಾಯಿಯ ಕಾಫಿಗೆ ಐವತ್ತು ಪೈಸೆ ತೆರಿಗೆ ಕೊಡಲಾರರು ಎನ್ನುವಂಥ ಜಾಗದಲ್ಲಿ ಈ ಎರಡನೆಯ ಲೆಕ್ಕವೇ ನಿಜದ ಲೆಕ್ಕ.

ಕಂಪನಿಗಳಿಗೆ ಮಾರುವವರು

ಇಲ್ಲಿ ಹೆಚ್ಚು ಯೋಚನೆ ಬೇಕಿಲ್ಲ. ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಸಣ್ಣ ವರ್ಕ್‌ಶಾಪ್ ಒಂದು ₹70ರ ಉಕ್ಕು ತಂದು, ₹30 ಕೂಲಿ ಮತ್ತು ಲಾಭ ಸೇರಿಸಿ ಒಂದು ಬಿಡಿಭಾಗ ಮಾಡುತ್ತದೆ ಎನ್ನಿ. ಪೂರ್ಣ ನೋಂದಣಿಯಿದ್ದರೆ ಬಿಲ್ಲು ₹100 ಮತ್ತು ₹18 ತೆರಿಗೆ; ಆ ₹18 ಕೊಳ್ಳುವ ಕಂಪನಿಗೆ ಕ್ರೆಡಿಟ್ ಆಗಿ ಮರಳುತ್ತದೆ, ಅದಕ್ಕೆ ಬೀಳುವ ಬೆಲೆ ₹100. ರಾಜಿ ತೆರಿಗೆಯಲ್ಲಿ ಉಕ್ಕಿನ ಮೇಲಿನ ₹12.60 ತೆರಿಗೆಯೂ ಬೆಲೆಯೊಳಗೆ ಸೇರಿ, ಮೇಲೆ ಶೇ 1 ಕೂಡಿ ₹113.70ರ ಹತ್ತಿರ ಬರುತ್ತದೆ, ಕಂಪನಿಗೆ ಏನೂ ಮರಳದು. ಅದು ಮುಂದಿನ ಆರ್ಡರನ್ನು ಪಕ್ಕದ ಶೆಡ್ಡಿಗೆ ಕೊಡುತ್ತದೆ. ಗಿರಾಕಿಗಳಲ್ಲಿ ನೋಂದಾಯಿತರೇ ಹೆಚ್ಚಾಗಿದ್ದರೆ, ವಹಿವಾಟು ಮಿತಿಯ ಒಳಗಿದ್ದರೂ ಸ್ವಇಚ್ಛೆಯಿಂದ ಪೂರ್ಣ ನೋಂದಣಿ ಪಡೆಯುವುದೇ ಸರಿ.

ಯಾವ ನೋಂದಣಿಯಾದರೂ ವರ್ಷಕ್ಕೆ ₹2,500 ವೃತ್ತಿ ತೆರಿಗೆಯನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಅದು ರಾಜ್ಯದ್ದೇ ತೆರಿಗೆ. ತಿಂಗಳಿಗೆ ₹25,000 ಅಥವಾ ಹೆಚ್ಚು ಸಂಬಳದ ಕೆಲಸಗಾರರಿದ್ದರೆ ಅವರಿಂದಲೂ ತಿಂಗಳಿಗೆ ₹200, ಫೆಬ್ರುವರಿಯಲ್ಲಿ ₹300 ಹಿಡಿದು ಕಟ್ಟಬೇಕು.

ನಿರ್ಧಾರಕ್ಕೆ ಮುಂಚೆ ಮಾಡಬೇಕಾದ ಕೆಲಸ

ಕ್ಯಾಲೆಂಡರ್ ಹಾಳೆ ಅಂಟಿಸಿದ್ದ ಆ ಅಂಗಡಿಯಲ್ಲಿ ಒಂದು ಭಾನುವಾರ ಮಧ್ಯಾಹ್ನ ಕೂತು, ನಾವು ಒಂದು ತಿಂಗಳ ಖರೀದಿ ಬಿಲ್ಲುಗಳನ್ನು ನೆಲದ ಮೇಲೆ ಎರಡು ಗುಡ್ಡೆ ಮಾಡಿದೆವು. ಹಾಲು, ಬ್ರೆಡ್, ಬಿಡಿ ಬೆಲ್ಲ, ಮೂಟೆ ಬಿಚ್ಚಿ ಅಳೆದು ಕೊಡುವ ಅಕ್ಕಿ ಒಂದು ಕಡೆ. ಪ್ಯಾಕೆಟ್ ಮೊಸರು, ಹೆಸರು ಅಚ್ಚಾದ ಐದು ಕಿಲೋ ಅಕ್ಕಿ ಚೀಲ, ಎಣ್ಣೆ, ಸೋಪು ಇನ್ನೊಂದು ಕಡೆ. ಹಾಲಿಗೆ ತೆರಿಗೆಯಿಲ್ಲ, ಅದೇ ಹಾಲಿನ ಪ್ಯಾಕೆಟ್ ಮೊಸರಿಗೆ ಇದೆ ಎಂಬುದು ಅಂಗಡಿಯ ಯಜಮಾನರಿಗೆ ಅಂದೇ ಗೊತ್ತಾದದ್ದು. ಆಮೇಲೆ ಅವರ ಬ್ಯಾಂಕ್ ಪಾಸ್‌ಬುಕ್ ತೆಗೆದರೆ ಮಗಳ ಮದುವೆಗೆ ಭಾವಮೈದ ಕಳಿಸಿದ ಹಣವೂ, ಚೀಟಿ ಎತ್ತಿದ ಮೊತ್ತವೂ, ಅಂಗಡಿಯ ಜಮೆಯೂ ಒಂದೇ ಖಾತೆಯಲ್ಲಿದ್ದವು. ಇಲಾಖೆಯ ಕಣ್ಣಿಗೆ ಇವೆಲ್ಲ ಮಾರಾಟದ ಹಾಗೆಯೇ ಕಾಣುತ್ತವೆ. ಅಲ್ಲವೆಂದು ತೋರಿಸುವ ಹೊರೆ ನಮ್ಮ ಮೇಲೆ ಬೀಳುತ್ತದೆ. ಆದ್ದರಿಂದ ಅಂಗಡಿಗೆಂದೇ ಪ್ರತ್ಯೇಕ ಖಾತೆ ತೆರೆಯುವುದು ಯಾವ ದಾರಿ ಹಿಡಿದರೂ ಮೊದಲ ಕೆಲಸ. ಕ್ಯೂಆರ್ ಫಲಕ ಮುಚ್ಚುವುದರಿಂದ ವಹಿವಾಟು ಕಡಿಮೆಯಾಗುವುದಿಲ್ಲ. ನಗದು ಮಾರಾಟವೂ ಮಿತಿಯ ಲೆಕ್ಕಕ್ಕೆ ಸೇರಿದ್ದೇ.

ನೋಟಿಸ್ ಬಂದವರಿಗೆ ಒಂದು ಮಾತು: ಅದು ಉತ್ತರ ಕೇಳುವ ಪತ್ರ. ಗಡುವಿನೊಳಗೆ ಈ ಎರಡು ಗುಡ್ಡೆಯ ಲೆಕ್ಕವನ್ನೂ ಖರೀದಿ ಬಿಲ್ಲುಗಳನ್ನೂ ಇಟ್ಟು ಲಿಖಿತ ಉತ್ತರ ಕೊಟ್ಟರೆ ತೆರಿಗೆಯಿಲ್ಲದ ಮಾರಾಟವನ್ನು ಬಿಡಿಸಿಕೊಳ್ಳಬಹುದು. ಉತ್ತರವನ್ನೇ ಕೊಡದೆ ಕೂತರೆ ಅವರು ಹಾಕಿದ ಅಂಕಿಯೇ ಕಡೆಗೆ ಉಳಿಯುತ್ತದೆ.

ಮಿತಿ ದಾಟಿದ ದಿನದಿಂದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಹೊಸಬರು ಅರ್ಜಿಯಲ್ಲೇ ರಾಜಿ ತೆರಿಗೆಯನ್ನು ಆರಿಸಿಕೊಳ್ಳಬಹುದು. ಈಗಾಗಲೇ ಪೂರ್ಣ ನೋಂದಣಿಯಲ್ಲಿರುವವರು ಮುಂದಿನ ವರ್ಷಕ್ಕೆ ರಾಜಿ ತೆರಿಗೆಗೆ ಹೋಗಬೇಕಾದರೆ ಮಾರ್ಚ್ 31ರೊಳಗೆ ತಿಳಿಸಬೇಕು, ದಾಸ್ತಾನಿನ ಮೇಲೆ ಪಡೆದಿದ್ದ ಕ್ರೆಡಿಟ್ಟನ್ನು ಮರಳಿಸಬೇಕು. ರಾಜಿ ತೆರಿಗೆಯಿಂದ ಪೂರ್ಣ ನೋಂದಣಿಗೆ ಬರುವವರಿಗೆ ಇದರ ಉಲ್ಟಾ: ಹಿಂದಿನ ದಿನ ಅಂಗಡಿಯಲ್ಲಿದ್ದ ಸರಕಿನ ಮೇಲೆ ಕೊಟ್ಟಿದ್ದ ತೆರಿಗೆ, ಬಿಲ್ಲು ಒಂದು ವರ್ಷದೊಳಗಿನದಾಗಿದ್ದರೆ, ಅವರಿಗೆ ಕ್ರೆಡಿಟ್ ಆಗಿ ಸಿಗುತ್ತದೆ. ಹಾಗಾಗಿ ಏಪ್ರಿಲ್ 1ರಿಂದ ಬದಲಾಗುವವರು ಮಾರ್ಚ್ 31ರ ರಾತ್ರಿ ಶಟರ್ ಎಳೆಯುವ ಮುಂಚೆ ಕಪಾಟು ಕಪಾಟಾಗಿ ಸರಕು ಎಣಿಸಿ ಪಟ್ಟಿ ಬರೆದು, ಪ್ರತಿ ಸಾಲಿನ ಮುಂದೆ ಅದರ ಖರೀದಿ ಬಿಲ್ಲಿನ ಸಂಖ್ಯೆಯನ್ನು ಗುರುತು ಮಾಡಿಡಬೇಕು.